ಕಸ ಯಾರದು, ರಸ ಯಾರದು?

'ಕಸದಿಂದ ರಸ' ಅಂತ ಚಿತ್ರಕಲೆ ಮಾಸ್ತರು ಹೇಳಿದಾಗ ಊರ ಮಕ್ಕಳು ನಗುತ್ತಾರೆ, ಕೇರಿಯ ಮಕ್ಕಳು ತಲೆ ತಗ್ಗಿಸುತ್ತಾರೆ. ಒಬ್ಬರಿಗೆ ಕಸ ಅಂದರೆ ಬಿಸಾಡುವ ವಸ್ತು. ಇನ್ನೊಬ್ಬರಿಗೆ ಅದು ಅವ್ವನ ಬುಟ್ಟಿ, ಅಪ್ಪನ ಕೂಲಿ, ಬೆನ್ನಹಿಂದೆ ಕೂಗುವ ಅಡ್ಡಹೆಸರು. ಕೈಯಿಂದ ಮಲ ಬಾಚಿಸುವುದನ್ನು 1993ರಲ್ಲಿ ಕಾನೂನು ನಿಷೇಧಿಸಿತು, 2013ರಲ್ಲಿ ಮತ್ತೊಮ್ಮೆ ನಿಷೇಧಿಸಿತು. ಕಸಕ್ಕೆ ಅಂಟಿದ ಜಾತಿ ಮಾತ್ರ ಬಿಟ್ಟಿಲ್ಲ.

ಹಾಗಂತ ನಾವು ಕಸ ಬೇಡ ಅನ್ನುವವರಲ್ಲ. ಡ್ರಾಯಿಂಗ್ ಹಾಳೆಗೆ, ಬಣ್ಣದ ಡಬ್ಬಿಗೆ ದುಡ್ಡಿಲ್ಲದೆ ಕೊನೇ ಸಾಲಿನಲ್ಲಿ ಕೂತು ಓದಿದವರು ನಾವು. ಬೆಂಕಿಪೊಟ್ಟಣ, ಸೈಕಲ್ ಟ್ಯೂಬು, ಸಿಮೆಂಟ್ ಚೀಲ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅದರಿಂದ ಏನು ಹೇಳಬೇಕು ಅಂತ ತೀರ್ಮಾನಿಸುವವರು ಯಾರು? ಮಾಸ್ತರು ಬಾಟಲಿ ಕತ್ತರಿಸಿ ಒಂದು ಹೂದಾನಿ ತೋರಿಸುತ್ತಾರೆ. ನಲವತ್ತು ಮಕ್ಕಳು ನಲವತ್ತು ಹೂದಾನಿ ಮಾಡುತ್ತಾರೆ. ಹೂದಾನಿ ಇಡಲು ಮೇಜೇ ಇಲ್ಲದ ಮನೆಯ ಮಗುವೂ ಅದನ್ನೇ ಮಾಡಬೇಕು.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರನ್ನು ನೋಡಿ. ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕುಲ. ಹರಿದ ಸೀರೆ, ಅಂಗಿಯ ತುಂಡು ಜೋಡಿಸಿ ಅಂಚಿನಿಂದ ನಡುವಿನವರೆಗೆ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ 'ಫೂಲ' ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತಾರೆ. ಆ ಹೂವು ಚಳಿ ತಡೆಯುವುದಿಲ್ಲ, ಆದರೂ ಬೇಕು. ಅದು ಅವರ ಮಾತು.

ಆ ಆಫ್ರಿಕಾದಲ್ಲೇ, ಘಾನಾದಲ್ಲಿ ಹುಟ್ಟಿದ ಎಲ್ ಅನಾಟ್ಸುಯಿ 1975ರಿಂದ ನೈಜೀರಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಶಿಲ್ಪ ಕಲಿಸಿದ ಮಾಸ್ತರು. ಹೆಂಡದ ಬಾಟಲಿಯ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದು ಗೋಡೆಯಗಲದ ಬಟ್ಟೆಯಂತೆ ಇಳಿಬಿಟ್ಟರು. ಯುರೋಪಿನವರು ಹೆಂಡ ಕೊಟ್ಟು ಮನುಷ್ಯರನ್ನು ಕೊಂಡ ಚರಿತ್ರೆ ಆ ಮುಚ್ಚಳಗಳಲ್ಲಿದೆ. ಅದನ್ನು ಅವರು ತೊಳೆದುಹಾಕಲಿಲ್ಲ. 2015ರಲ್ಲಿ ವೆನಿಸ್ ಬಿನಾಲೆ ಅವರಿಗೆ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಕೊಟ್ಟಿತು.

ನಾವು ನಡೆಸುವ ಸಂಜೆ ಶಾಲೆಯಲ್ಲಿ ಒಬ್ಬ ಹುಡುಗಿ ಸವೆದ ಪೊರಕೆಯ ಕಡ್ಡಿಗಳಿಂದ ಒಂದು ಹೆಂಗಸಿನ ಗೊಂಬೆ ಕಟ್ಟಿದಳು. ಬೆಂಕಿಪೊಟ್ಟಣದ ಕುರ್ಚಿ ಮಾಡಿ ಅದರ ಮೇಲೆ ಕೂರಿಸಿದಳು. 'ಯಾರವ್ವಾ ಇದು?' ಅಂದೆವು. 'ನಮ್ಮವ್ವರೀ. ಇವತ್ತ ಆಕಿಗೆ ಸೂಟಿ' ಅಂದಳು. ಪೌರಕಾರ್ಮಿಕಳ ಮಗಳು ಅವಳು.

ಹಳ್ಳಿಯ ಮಾಸ್ತರುಗಳಲ್ಲಿ ನಮ್ಮ ಬೇಡಿಕೆ ಇಷ್ಟೇ. ಕಸ ತರಲು ಕೇರಿಯ ಮಕ್ಕಳನ್ನೇ ಕಳಿಸಬೇಡಿ. ಎಲ್ಲರ ಕೈಯೂ ಮುಟ್ಟಲಿ. ಮಾದರಿ ತೋರಿಸಬೇಡಿ, ಮಗು ಏನು ಮಾಡಿತು ಅಂತ ಕೇಳಿ, ಅದು ಹೇಳುವಾಗ ಸುಮ್ಮನಿರಿ. ಇಷ್ಟು ದಿನ ಕಸ ಎತ್ತಿದ ಕೈಗಳು ರಸಕ್ಕೂ ಒಡೆಯರಾಗಲಿ.