ಕೊಡೆ ಹಿಡಿದ ಕಾವಲುಗಾರ

ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು ಅರಕೆರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಆ ಸೀಮೆಯಲ್ಲಿ ಕಾವೇರಿಯುಂಟು, ನಾಲೆಗಳುಂಟು, ಬತ್ತದ ಗದ್ದೆಗಳುಂಟು. ಇಂತಹ ಕಡೆ ಒಬ್ಬ ಗೃಹಸ್ಥರು ಮನೆಯ ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸುತ್ತಾರೆಂದರೆ ಊರವರು ನಗದೆ ಇರುವುದುಂಟೆ? ಸಮುದ್ರದ ದಂಡೆಯಲ್ಲಿ ಉಪ್ಪಿನ ಅಂಗಡಿ ತೆರೆದಂತಾಯಿತೆಂದು ಕೆಲವರು ಆಡಿಕೊಂಡರು.

ಪಿಂಚಣಿ ಪಡೆದು ಬೆಂಗಳೂರಿನಿಂದ ಹುಟ್ಟೂರಿಗೆ ಮರಳಿದ ಆ ಹಿರಿಯರಿಗೆ ನಗುವಿನ ಚಿಂತೆ ಇರಲಿಲ್ಲ. ಅವರು ಈಜು ಕಲಿತದ್ದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ತೋಟದ ಬಾವಿಯಲ್ಲಿ. ಆ ಬಾವಿ ಈಗ ಬತ್ತಿದೆ. ನಾಲೆಯ ಸೆಳೆತವೋ ಈಜು ಬಲ್ಲವರನ್ನೂ ಲೆಕ್ಕಿಸುವುದಿಲ್ಲ. ಬೇಸಗೆಯ ರಜೆಗೆ ಬರುವ ಮೊಮ್ಮಕ್ಕಳು ಕಣ್ಣೆದುರಿಗೇ ಈಜು ಕಲಿಯಲಿ ಎಂಬುದು ಅವರ ಆಸೆ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ. ಮೂವತ್ತು ಸಾವಿರ ಲೀಟರು ನೀರು ಹಿಡಿಸುವ ಕೊಳ ಫೆಬ್ರವರಿಯ ನಡುವಿನಲ್ಲಿ ತುಂಬಿ ನಿಂತಿತು.

ಹರಿಯುವ ನೀರು ತನ್ನ ಕೊಳೆಯನ್ನು ಮುಂದಕ್ಕೆ ಸಾಗಿಸಿಬಿಡುತ್ತದೆ. ನಿಂತ ನೀರಿಗೆ ಆ ಭಾಗ್ಯವಿಲ್ಲ. ಅದಕ್ಕೆ ಕಾವಲು ಬೇಕು. ಆ ಕಾವಲುಗಾರನೇ ಕ್ಲೋರಿನ್. 1774ರಲ್ಲಿ ಷೀಲೆ ಎಂಬ ರಸಾಯನಜ್ಞನ ಕೈಗೆ ಸಿಕ್ಕಿ, 1810ರಲ್ಲಿ ಹಂಫ್ರಿ ಡೇವಿಯಿಂದ ಹೆಸರು ಪಡೆದ ಈ ಅನಿಲ ಮೊದಲು ದುಡಿದದ್ದು ಬಟ್ಟೆಯನ್ನು ಬಿಳುಪು ಮಾಡುವ ಕೆಲಸದಲ್ಲಿ. ಕುಡಿಯುವ ನೀರಿನ ರಕ್ಷಣೆ ಅನಂತರ ಬಂದ ಉದ್ಯೋಗ. 1908ರಲ್ಲಿ ಅಮೆರಿಕದ ಜೆರ್ಸಿ ನಗರದ ನೀರಿಗೆ ಇದನ್ನು ನಿತ್ಯವೂ ಬೆರೆಸತೊಡಗಿದರು. ನಮ್ಮ ಹಳ್ಳಿಗಳಿಗಂತೂ ಬ್ಲೀಚಿಂಗ್ ಪುಡಿಯ ರೂಪದಲ್ಲಿ ಇದು ಹಳೆಯ ಪರಿಚಯ. ಬಾವಿಯ ಪ್ರತಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ. ಕದಡಿ, ತಿಳಿಯನ್ನು ಬಾವಿಗಿಳಿಸಿ, ಒಂದು ಗಂಟೆ ಯಾರೂ ಸೇದದಂತೆ ನೋಡಿಕೊಂಡರೆ ಆಯಿತು.

ಆದರೆ ಬಾವಿಗೂ ಕೊಳಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಬಾವಿಯ ನೀರು ನೆರಳಿನಲ್ಲಿರುತ್ತದೆ. ಕೊಳ ಆಕಾಶಕ್ಕೆ ಮುಖವೊಡ್ಡಿ ಮಲಗಿರುತ್ತದೆ. ಸೂರ್ಯನ ಅತಿನೇರಳೆ ಕಿರಣಗಳಿಗೆ ಕ್ಲೋರಿನ್ ಎಂದರೆ ಬಲು ಸುಲಭದ ತುತ್ತು. ನಡುಹಗಲಿನ ಬಿಸಿಲಿನಲ್ಲಿ, ರಕ್ಷಣೆಯಿಲ್ಲದ ಕೊಳದ ಕ್ಲೋರಿನ್ ಒಂದು ಗಂಟೆಯೊಳಗೆ ಅರ್ಧಕ್ಕೂ ಹೆಚ್ಚು ಕರಗಿಹೋಗಬಲ್ಲದು. ಬೆಳಿಗ್ಗೆ ನಿಲ್ಲಿಸಿದ ಕಾವಲುಗಾರ ಮಧ್ಯಾಹ್ನ ಮಕ್ಕಳು ನೀರಿಗಿಳಿಯುವ ವೇಳೆಗೆ ಇರುವುದೇ ಇಲ್ಲ!

ಅವನಿಗೊಂದು ಕೊಡೆ ಬೇಕು. ಸ್ಟೆಬಿಲೈಸರ್ ಎಂದು ಅಂಗಡಿಯವರು ಮಾರುವ ಸಯನ್ಯೂರಿಕ್ ಆಮ್ಲವೇ ಆ ಕೊಡೆ. ಇದರ ವಂಶಾವಳಿ ಮಂಡ್ಯದ ಸೀಮೆಯ ರೈತರಿಗೆ ಹತ್ತಿರದ್ದು. ಗದ್ದೆಗೆ ಎರಚುವ ಯೂರಿಯವನ್ನು ಕಾಸಿದರೆ ಹುಟ್ಟುವ ವಸ್ತು ಇದು. 1829ರಷ್ಟು ಹಿಂದೆಯೇ ಜರ್ಮನಿಯ ವೊಯ್ಲರ್ ಅದನ್ನು ಹಾಗೆ ಪಡೆದಿದ್ದ. ವಿನೋದವೆಂದರೆ, ಅದೇ ಯೂರಿಯ ಮಕ್ಕಳ ಬೆವರು ಮೂತ್ರಗಳ ಮೂಲಕ ಕೊಳ ಸೇರಿದರೆ ಕ್ಲೋರಿನ್ನಿನೊಡನೆ ಕೂಡಿ ಕಣ್ಣು ಉರಿಸುವ ಕ್ಲೋರಮೀನುಗಳಾಗುತ್ತದೆ. ಈಜುಕೊಳದ ಆ ಗಾಢವಾದ ವಾಸನೆ ಶುದ್ಧಿಯ ಲಕ್ಷಣವಲ್ಲ, ಸೋತ ಕ್ಲೋರಿನ್ನಿನ ನಿಟ್ಟುಸಿರು.

ಲೀಟರಿಗೆ ಮೂವತ್ತರಿಂದ ಐವತ್ತು ಮಿಲಿಗ್ರಾಂ ಸ್ಟೆಬಿಲೈಸರ್ ಇದ್ದರೆ ಬಿಸಿಲಿನ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಕ್ಲೋರಿನ್ ಅದನ್ನು ಅಪ್ಪಿಕೊಂಡು ಕುಳಿತು, ಬೇಕಾದಂತೆ ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಇಳಿಯುತ್ತದೆ. ತೊಡಕಿರುವುದೂ ಈ ಅಪ್ಪುಗೆಯಲ್ಲಿಯೇ. ಕೊಡೆ ದೊಡ್ಡದಾದಷ್ಟೂ ಕಾವಲುಗಾರ ಅದರಡಿಯಿಂದ ಹೊರಬರಲು ಒಪ್ಪುವುದಿಲ್ಲ. ಆದ್ದರಿಂದ ಸ್ಟೆಬಿಲೈಸರಿನ ನೂರಕ್ಕೆ ಏಳೂವರೆ ಪಾಲಿನಷ್ಟಾದರೂ ಕ್ಲೋರಿನ್ ಇರಬೇಕೆಂಬುದು ಬಲ್ಲವರು ಪಾಲಿಸುವ ಲೆಕ್ಕ. ಸ್ಟೆಬಿಲೈಸರ್ ನಲವತ್ತಿದ್ದರೆ ಕ್ಲೋರಿನ್ ಮೂರು ಸಾಕು. ನೂರಾದರೆ ಏಳೂವರೆ ಬೇಕು. ನೂರನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಸಲಹೆ.

ಈ ಲೆಕ್ಕ ಅಂಗಡಿಯವನು ಹೇಳಲಿಲ್ಲ. ಅವನು ಕೊಟ್ಟದ್ದು ಟ್ರೈಕ್ಲೋರ್ ಎಂಬ ಬಿಳಿಯ ಬಿಲ್ಲೆಗಳನ್ನು. "ದಿನಾ ಹಾಕಿ ಸಾರ್, ಬೇರೆ ಯೋಚನೆಯೇ ಬೇಡ" ಎಂದ. ಮಾತು ಅರ್ಧ ನಿಜ. ಆ ಬಿಲ್ಲೆಯಲ್ಲಿ ಕ್ಲೋರಿನ್ ಮತ್ತು ಸ್ಟೆಬಿಲೈಸರ್ ಎರಡೂ ಒಂದೇ ಅಣುವಿನಲ್ಲಿ ಕೂಡಿವೆ. ಕ್ಲೋರಿನ್ ದುಡಿದು ಸವೆದುಹೋಗುತ್ತದೆ. ಸ್ಟೆಬಿಲೈಸರ್ ಮಾತ್ರ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗದು, ಸೋಸಿದರೂ ಹೋಗದು. ಲೀಟರಿಗೆ ಹತ್ತು ಮಿಲಿಗ್ರಾಂ ಕ್ಲೋರಿನ್ ಕೊಡುವಷ್ಟು ಬಿಲ್ಲೆ ಹಾಕಿದರೆ ಸ್ಟೆಬಿಲೈಸರ್ ಸುಮಾರು ಆರು ಮಿಲಿಗ್ರಾಂ ಏರುತ್ತದೆ. ದಿನಕ್ಕೆ ಎರಡು ಮಿಲಿಗ್ರಾಮಿನಂತೆ ಹಾಕುತ್ತ ಹೋದ ಹಿರಿಯರ ಕೊಳದಲ್ಲಿ ಮೂರು ತಿಂಗಳಿಗೆ ಎಷ್ಟಾಯಿತು? ನೂರು ದಾಟಿತು. ಸಾಲದ ಬಡ್ಡಿಯೂ ಹೀಗೆಯೇ ಸದ್ದಿಲ್ಲದೆ ಬೆಳೆಯುವುದಷ್ಟೆ.

ಮೇ ತಿಂಗಳ ನಡುವೆ ಮೂಲೆಗಳಲ್ಲಿ ಪಾಚಿಯ ಛಾಯೆ ಕಾಣಿಸಿತು. ಕಿರಿಯ ಮೊಮ್ಮಗಳು ಕಣ್ಣುಜ್ಜಿಕೊಂಡು, "ತಾತ, ಉರಿ!" ಎಂದಳು. ತಾತ ಪರೀಕ್ಷಿಸಿದರು: ಕ್ಲೋರಿನ್ ಎರಡು, ಎಂದಿನಂತೆಯೇ. ಆಮ್ಲ ಕ್ಷಾರಗಳ ಅಳತೆಯಾದ ಪಿ.ಎಚ್. ಕೂಡ 7.2ರಿಂದ 7.8ರ ನಡುವೆಯೇ ಇತ್ತು. ಎಲ್ಲವೂ ಸರಿಯಾಗಿದ್ದೂ ನೀರು ಕೆಟ್ಟಿದೆಯೆಂದರೆ! ಇನ್ನೆರಡು ಬಿಲ್ಲೆ ಹಾಕಲು ಅವರು ಹೊರಟಾಗ, "ನೋಡೀಂದ್ರೆ, ಔಷಧಿ ಹೆಚ್ಚಾದಷ್ಟೂ ಕಾಯಿಲೆ ಹೆಚ್ತಿದೆ, ಅದೇನೂಂತ ಮೊದಲು ಕೇಳಿ ತಿಳ್ಕೊಳ್ಳಿ" ಎಂದು ಮನೆಯಾಕೆ ತಡೆದರು. ಆ ಸಮಯದಲ್ಲಿ ಅದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರ ಇರಲಿಲ್ಲ.

ಮೈಸೂರಿನಿಂದ ಬಂದ ಬಲ್ಲ ಮಿತ್ರರೊಬ್ಬರು ಸ್ಟೆಬಿಲೈಸರ್ ಅಳೆದರು. ನೋಡಲು ಮಕ್ಕಳಾಟದಂತಹ ಪರೀಕ್ಷೆ. ಕೊಳದ ನೀರಿಗೆ ಮೆಲಮೀನ್ ದ್ರಾವಣ ಬೆರೆಸಿದರೆ ಮಜ್ಜಿಗೆಯ ತಿಳಿಯಂತೆ ಬೆಳ್ಳಗಾಗುತ್ತದೆ. ಅದನ್ನು ತಳದಲ್ಲಿ ಕರಿಯ ಚುಕ್ಕೆಯಿರುವ ಕೊಳವೆಗೆ ಸುರಿಯುತ್ತ ಹೋಗಬೇಕು. ಚುಕ್ಕೆ ಮರೆಯಾದ ಮಟ್ಟದಲ್ಲಿ ಗೆರೆ ಓದಬೇಕು. ಇಲ್ಲಿ ನೂರರ ಗೆರೆ ಮುಟ್ಟುವ ಮೊದಲೇ ಚುಕ್ಕೆ ಮಾಯ. ಕೊಳದ ನೀರಿಗೆ ಸಮಪಾಲು ಒಳ್ಳೆಯ ನೀರು ಬೆರೆಸಿ ಅಳೆದಾಗ ಐವತ್ತೈದು ಬಂದಿತು. ಎಂದರೆ ನಿಜವಾಗಿ ನೂರಹತ್ತು. ಅಷ್ಟಕ್ಕೆ ಕ್ಲೋರಿನ್ ಎಂಟಾದರೂ ಬೇಕಿತ್ತು, ಇದ್ದದ್ದು ಎರಡು.

ಪರಿಹಾರವೇನು? ಸುಲಭವಾಗಿ ಸಿಕ್ಕುವುದು ಒಂದೇ. ನೀರನ್ನು ತೆಗೆದು ಹೊಸ ನೀರು ತುಂಬುವುದು. ನೂರಹತ್ತನ್ನು ನಲವತ್ತಕ್ಕೆ ಇಳಿಸಲು ಮೂವತ್ತು ಸಾವಿರದಲ್ಲಿ ಹತ್ತೊಂಬತ್ತು ಸಾವಿರ ಲೀಟರು ಹೊರಹೋಗಬೇಕು. ಬೇರೆಲ್ಲಿಯಾದರೂ ಇದು ಬರಿಯ ಅಂಕಿ. ನಾಲೆಯ ಸರದಿಗಾಗಿ ರಾತ್ರಿ ಗದ್ದೆಯ ಬದುವಿನಲ್ಲಿ ಕಾಯುವವರ ನಡುವೆ, ಬಿರುಬೇಸಗೆಯಲ್ಲಿ, ಆ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೂ ಹಿರಿಯರಿಗೆ ಸಂಕೋಚವಾಯಿತು. ಬೇಲಿಯಾಚೆಯ ರೈತ ಕೇಳಿಯೇಬಿಟ್ಟ: "ಅಲ್ಲ ಸ್ವಾಮಿ, ಇಷ್ಟು ನೀರ್ನ ಚೆಲ್ಲೋದಾ? ನಮ್ಮ ಕಡೀಕಾದ್ರೂ ತಿರುಗಿಸ್ಬಾರ್ದಾ?"

ಕೂಡಲೇ ತಿರುಗಿಸುವಂತಿರಲಿಲ್ಲ. ಬಿಲ್ಲೆ ಹಾಕುವುದನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ಕ್ಲೋರಿನ್ ಸೊನ್ನೆಯಾಗುವವರೆಗೆ ಕಾದರು. ಕೊಡೆಯಡಿಯಲ್ಲಿದ್ದುದರಿಂದ ಅದಕ್ಕೂ ದಿನಗಳೇ ಹಿಡಿದವು. ಮಕ್ಕಳು ದಡದಲ್ಲಿ ಮುಖ ಊದಿಸಿಕೊಂಡು ಕುಳಿತರು. ಅನಂತರ ನೀರನ್ನು ಹಿತ್ತಲಿನ ತೆಂಗಿನ ಪಾತಿಗಳಿಗೆ, ಬೇಲಿಯಾಚೆಯ ತೆಂಗುಗಳಿಗೆ ಹಂಚಿ ಹಾಯಿಸಿದರು. ನಾಲೆಗೆ ಬಿಡಲಿಲ್ಲ, ಕೆಳಗಿನ ಊರಿನ ದನಕರು ಅದೇ ನೀರನ್ನು ಕುಡಿಯುತ್ತವೆ. ಕೊಳವನ್ನು ಪೂರ್ತಿ ಬರಿದು ಮಾಡಬಾರದೆಂದು ಗಾರೆಯವನು ಎಚ್ಚರಿಸಿದ್ದ. ಗದ್ದೆಯ ಬಯಲಿನಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಖಾಲಿ ತೊಟ್ಟಿಯನ್ನು ಕೆಳಗಿನ ನೀರು ಎತ್ತಿ ಸೀಳುವುದುಂಟು.

ಹೊಸ ನೀರು ತುಂಬಿದ ಮೇಲೆ ಬಿಲ್ಲೆಗಳ ಡಬ್ಬಿ ಅಟ್ಟ ಸೇರಿತು. ಊರಿಗೆ ಹೋಗುವಾಗ ಮಾತ್ರ ಅದು ಇಳಿಯುತ್ತದೆ. ಈಗ ಪ್ರತಿದಿನ ಸಂಜೆ, ಬಿಸಿಲು ಇಳಿದ ಮೇಲೆ, ಸ್ಟೆಬಿಲೈಸರ್ ಇಲ್ಲದ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಬೀಳುತ್ತದೆ. ನೂರಕ್ಕೆ ಹತ್ತು ಪಾಲಿನ ಬಲವುಳ್ಳದ್ದಾದರೆ ಆ ಕೊಳಕ್ಕೆ ಮುನ್ನೂರು ಮಿಲಿಲೀಟರು, ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು ಕ್ಲೋರಿನ್ ಏರಿಸುತ್ತದೆ. ಒಂದು ಬಗೆಯದನ್ನು ಮತ್ತೊಂದರೊಡನೆ ಒಂದೇ ಪಾತ್ರೆಯಲ್ಲಿ ಬೆರೆಸುವಂತಿಲ್ಲ; ವಿಷದ ಅನಿಲವೇಳಬಹುದು, ಸಿಡಿಯಲೂಬಹುದು. ಆದುದರಿಂದ ಅಳತೆಯ ಲೋಟಗಳೂ ಬೇರೆ ಬೇರೆ.

ಕರಿಯ ಚುಕ್ಕೆಯ ಕೊಳವೆ ನಡುಮನೆಯಲ್ಲಿ, ಪಂಚಾಂಗದ ಪಕ್ಕದ ಮೊಳೆಗೆ ತೂಗುತ್ತದೆ. ತಿಂಗಳಿಗೊಮ್ಮೆ ಅದನ್ನಿಳಿಸಿ ಚುಕ್ಕೆ ನೋಡುವ ಅಧಿಕಾರ, ರಜೆಯಲ್ಲಿ ಮಾತ್ರ, ಕಿರಿಯ ಮೊಮ್ಮಗಳದು.