ಗೋಡೆಗೆ ಎರಡು ಮನೆ

ಲೈಟ್ ಹಾಕಬೇಡಿ. ಬರಿಗಾಲಲ್ಲಿ ಬಂದು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಕೊಳ್ಳಿ. ರಾತ್ರಿ ಹನ್ನೆರಡು ದಾಟಿದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಗದ್ದಲ ಅಡಗಿದೆ. ಅಲ್ಲಿಂದ ಎರಡು ತಿರುವು ಒಳಗೆ, ಒಂದೇ ಹೆಂಚಿನ ಸೂರಿನಡಿ ಸಾಲಾಗಿ ನಿಂತ ನಾಲ್ಕು ಮನೆಗಳ ವಠಾರದಲ್ಲಿ ಇದು ಎರಡನೆಯದು.

ಮನೆಯಾಕೆ ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದಾಳೆ. ಕೆಂಪು ಬೆಳಕು ಜಿರಳೆಯ ಕಣ್ಣಿಗೆ ಹೆಚ್ಚುಕಮ್ಮಿ ಕತ್ತಲೆಯೇ. ಹಾಗಾಗಿ ಅವು ಓಡುವುದಿಲ್ಲ, ತಮ್ಮ ಪಾಡಿಗೆ ತಾವಿರುತ್ತವೆ. ನೋಡಿ, ಗ್ಯಾಸ್ ಕಟ್ಟೆಯ ಅಂಚಿನಲ್ಲಿ ಒಂದು, ಮಿಕ್ಸಿಯ ಬುಡದಲ್ಲಿ ಮೂರು, ಸ್ವಿಚ್ ಬೋರ್ಡಿನ ಕೆಳಗಿನ ಸಂದಿಯಿಂದ ಎರಡು ಮೀಸೆ ಮಾತ್ರ ಹೊರಗೆ ಆಡುತ್ತಿವೆ. ಇವು ಬಚ್ಚಲು ಮೋರಿಯಿಂದ ಒಂಟಿಯಾಗಿ ಬರುವ, ಕೆಂಗಂದು ಬಣ್ಣದ ದೊಡ್ಡ ಜಿರಳೆಗಳಲ್ಲ. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್, ಅಷ್ಟೇ. ತಿಳಿಕಂದು ಮೈ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇನ್ನೂ ಸ್ವಲ್ಪ ಬಗ್ಗಿ. ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಮೆಲ್ಲಗೆ ನಡೆಯುತ್ತಿರುವುದರ ಹಿಂಬದಿಯಲ್ಲಿ ಪುಟ್ಟ ಚೀಲದಂಥದ್ದು ಕಾಣುತ್ತಿದೆಯಲ್ಲ, ಅದು ಮೊಟ್ಟೆಕೋಶ. ಒಂದು ಕೋಶದಲ್ಲಿ 30ರಿಂದ 40 ಮೊಟ್ಟೆ. ಮರಿ ಹೊರಬರುವ ಹೊತ್ತಿನವರೆಗೂ ತಾಯಿ ಅದನ್ನು ಕೆಳಗಿಡುವುದಿಲ್ಲ.

ಆಕೆ ಟಾರ್ಚನ್ನು ಅವು ಬಂದ ದಾರಿಗೆ ಹಿಮ್ಮುಖವಾಗಿ ತಿರುಗಿಸುತ್ತಾಳೆ. ಕಡಪಾ ಕಲ್ಲಿನ ಶೆಲ್ಫು, ಅದರ ಹಿಂದೆ ನೀರಿನ ಪೈಪು, ಪೈಪು ಗೋಡೆಯೊಳಗೆ ನುಗ್ಗುವಲ್ಲಿ ಸಿಮೆಂಟ್ ಉದುರಿ ಆದ ತೂತು. ತೂತಿನ ಸುತ್ತ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಹಿಕ್ಕೆ. ಬೀದಿ ಕಡೆಯ ಗೋಡೆ ಚೊಕ್ಕಟವಾಗಿದೆ, ಕಿಟಕಿಯ ಬಳಿಯೂ ಏನಿಲ್ಲ. ಎಲ್ಲ ಗುರುತುಗಳೂ ಈ ಒಂದು ಗೋಡೆಗೇ ಬಂದು ನಿಲ್ಲುತ್ತವೆ. ಗೋಡೆಯ ದಪ್ಪ ನಾಲ್ಕೂವರೆ ಇಂಚು. ಆಚೆ ಬದಿಯಲ್ಲಿ ಪಕ್ಕದ ಮನೆಯ ಅಜ್ಜಿಯ ಅಡುಗೆಮನೆ.

ಯಜಮಾನರು ನಿದ್ದೆಗಣ್ಣಲ್ಲಿ ಎದ್ದು ಬಂದಿದ್ದಾರೆ. ಕೈಯಲ್ಲಿ ಸ್ಪ್ರೇ ಡಬ್ಬಿ. “ಆ ತೂತಿಗೇ ಹೊಡೆದುಬಿಡ್ತೀನಿ.”

“ಬೇಡ ರೀ. ಇಲ್ಲಿ ಹೊಡೆದ್ರೆ ಅಲ್ಲಿಗೆ ಹೋಗತ್ವೆ. ಅಲ್ಲಿ ಅವರು ಫಿನಾಯಿಲ್ ಹಾಕಿದ್ರೆ ಇಲ್ಲಿಗೆ ಬರತ್ವೆ. ಆಗ್ತಿರೋದೇ ಅದು.”

ಆಕೆಯ ಮಾತು ಸರಿ. ಸ್ಪ್ರೇಯಲ್ಲಿ ಸಾಮಾನ್ಯವಾಗಿ ಇರುವ ಔಷಧಿ, ಮೈಮೇಲೆ ಬಿದ್ದವನ್ನು ಕೊಲ್ಲುತ್ತದೆ, ಉಳಿದವನ್ನು ಬೆದರಿಸುತ್ತದೆ. ಬೆದರಿದವು ಗೋಡೆಯ ಒಳಸಂದಿ ಹಿಡಿದು ಪಕ್ಕಕ್ಕೆ ಸರಿಯುತ್ತವೆ, ವಾಸನೆ ಇಳಿದ ಮೇಲೆ ಮರಳುತ್ತವೆ. ಅಷ್ಟರಲ್ಲಿ ಒಳಕೋಣೆಯಿಂದ ಮಗುವಿನ ಕೆಮ್ಮು ಕೇಳುತ್ತದೆ. ಜಿರಳೆಯ ಹಿಕ್ಕೆ, ಅದು ಕಳಚಿದ ಪೊರೆ ಪುಡಿಯಾಗಿ ಉಸಿರಿಗೆ ಸೇರಿದರೆ ಉಬ್ಬಸ ಇರುವ ಮಕ್ಕಳಿಗೆ ಕೆರಳುತ್ತದೆ. ಮನೆಯಾಕೆ ಇಷ್ಟು ಹೊತ್ತಿನಲ್ಲಿ ಎದ್ದು ಕೂತಿರುವುದಕ್ಕೆ ಕಾರಣ ಅದು, ಅಸಹ್ಯವಲ್ಲ.

ಬೆಳಗಾಯಿತು. ಈಗ ಆಗಬೇಕಾದ ಕೆಲಸ ಎಲ್ಲಕ್ಕಿಂತ ನಾಜೂಕಿನದು. “ನಿಮ್ಮ ಮನೆಯಿಂದ ಜಿರಳೆ ಬರ್ತಿದೆ” ಎಂದರೆ “ನಿಮ್ಮ ಮನೆ ಗಲೀಜು” ಎಂದ ಹಾಗೆ. ಆ ಒಂದು ಮಾತಿಗೆ ವಠಾರಗಳಲ್ಲಿ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡವರಿದ್ದಾರೆ. ಆಕೆ ಡಬ್ಬಿಯಲ್ಲಿ ಬಿಸಿ ಚಿತ್ರಾನ್ನ ಹಾಕಿಕೊಂಡು ಪಕ್ಕದ ಬಾಗಿಲು ತಟ್ಟುತ್ತಾಳೆ. ನೀವೂ ಹಿಂದೆಯೇ ಒಳಗೆ ಬನ್ನಿ.

“ಬಾಮ್ಮ, ಏನಿದು ಬೆಳಗ್ಗೆ ಬೆಳಗ್ಗೆ?” ಅಜ್ಜಿ ಒಬ್ಬರೇ ಇರುವ ಮನೆ. ಕಣ್ಣಿನ ಪೊರೆ ತೆಗೆಸಿದ್ದರೂ ದೃಷ್ಟಿ ಮಂದ. ಮೂಲೆಯಲ್ಲಿ ಎದೆಯೆತ್ತರ ಹಳೇ ಪೇಪರು, ಮಗ ಕಳಿಸಿದ ಸಾಮಾನುಗಳ ರಟ್ಟಿನ ಪೆಟ್ಟಿಗೆಗಳು. ಸಿಂಕಿನಲ್ಲಿ ರಾತ್ರಿಯ ಮುಸುರೆ ಪಾತ್ರೆಗಳು, ಕೆಲಸದವಳು ಎಂಟು ಗಂಟೆಗೆ ಬಂದು ತೊಳೆಯುವವರೆಗೂ ಹಾಗೇ. ನಲ್ಲಿ ತೊಟ್ಟಿಕ್ಕುತ್ತಿದೆ. ಜಿರಳೆಗೆ ಬೇಕಾದ ನೀರು, ಅನ್ನ, ಕತ್ತಲು ಮೂರೂ ಇಲ್ಲಿವೆ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧ ಆಚೆ ಮನೆಯಲ್ಲೂ ಇದೆ.

“ಅಜ್ಜಿ, ನಮ್ಮನೇಲಿ ಜಿರಳೆ ವಿಪರೀತ ಆಗಿಬಿಟ್ಟಿದೆ. ನಾಳೆ ಔಷಧಿ ಹಾಕಿಸ್ತಿದೀವಿ. ನಮ್ಮ ಕಡೆ ಮಾತ್ರ ಹಾಕಿಸಿದ್ರೆ ಎಲ್ಲಾ ನಿಮ್ಮ ಕಡೆ ನುಗ್ಗಿ ನಿಮಗೆ ತೊಂದ್ರೆ ಆಗತ್ತೇನೋ ಅಂತ ಯೋಚನೆ. ಒಟ್ಟಿಗೇ ಹಾಕಿಸೋಣ್ವಾ?”

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡುತ್ತಾರೆ. “ನಮ್ಮನೇಲಿ ಎಲ್ಲಿದೆ ಜಿರಳೆ? ಎಲ್ಲೋ ಒಂದೋ ಎರಡೋ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇವರ ಗೂಡಿನ ಹತ್ರ ಹಾಕ್ಕೂಡದು. ವಾಸನೆ ಬರಕೂಡದು. ಆಮೇಲೆ ಪಾತ್ರೆಯೆಲ್ಲಾ ಹೊರಗೆ ತೆಗೆದಿಡು ಅಂದ್ರೆ ನನ್ನ ಕೈಲಾಗಲ್ಲ.”

ಮೂರು ಷರತ್ತು ಅಂದರೆ ಒಪ್ಪಿಗೆ.

ಮರುದಿನ ಔಷಧಿ ಹಾಕುವ ಹುಡುಗ ಬಂದಿದ್ದಾನೆ. ಬೆನ್ನಿಗೆ ಪಂಪು ಇಲ್ಲ, ಕೈಯಲ್ಲಿ ಸಿರಿಂಜು ಮಾತ್ರ. ಅದರ ತುದಿಯಿಂದ ಜೆಲ್ಲನ್ನು ಹೆಸರುಬೇಳೆ ಗಾತ್ರದ ಚುಕ್ಕಿಗಳಾಗಿ ಇಡುತ್ತಾ ಹೋಗುತ್ತಾನೆ. ಕಪಾಟಿನ ಕೀಲು, ಒಲೆಯ ತಳ, ಫ್ರಿಜ್ಜಿನ ಮೋಟಾರಿನ ಬದಿ, ಕಡಪಾ ಕಲ್ಲು ಗೋಡೆಗೆ ಸೇರುವ ಗೆರೆ, ಸ್ವಿಚ್ ಬೋರ್ಡಿನ ಅಂಚು. ಎಲ್ಲವೂ ಮಗುವಿನ ಕೈಗೆ, ಬೆಕ್ಕಿನ ಬಾಯಿಗೆ ಎಟುಕದ ಕಡೆ. ಈ ಮನೆ ಮುಗಿಸಿ, ಪಕ್ಕದ ಮನೆಯಲ್ಲಿ ಅದೇ ಗೋಡೆಯ ಆಚೆ ಮಗ್ಗುಲಿಗೆ ಅಷ್ಟೇ ಚುಕ್ಕಿ.

“ವಾಸನೇನೇ ಇಲ್ವಲ್ಲೋ. ಇದ್ರಿಂದ ಸಾಯತ್ವಾ?” ಅಜ್ಜಿಗೆ ಈಗ ಅನುಮಾನ.

“ವಾಸನೆ ಇದ್ರೆ ತಿನ್ನಲ್ಲ ಅಜ್ಜಿ. ಇದನ್ನ ತಿಂದು ಗೂಡಿಗೆ ಹೋಗಿ ಸಾಯತ್ತೆ. ಅದರ ಹಿಕ್ಕೆ, ಹೆಣ ತಿಂದು ಮರಿಗಳೂ ಸಾಯತ್ವೆ. ಮೊಟ್ಟೆಗೆ ಮಾತ್ರ ಏನೂ ಆಗಲ್ಲ. ಅದಕ್ಕೇ ಮರಿ ಹೊರಗೆ ಬಂದ ಮೇಲೆ ಇನ್ನೊಂದ್ಸಲ ಹಾಕ್ಬೇಕು. ಅಲ್ಲೀವರ್ಗೂ ಈ ಜಾಗದಲ್ಲಿ ಸ್ಪ್ರೇ ಹೊಡೀಬೇಡಿ, ಫಿನಾಯಿಲ್ ಒರೆಸ್ಬೇಡಿ. ರಾತ್ರಿ ಪಾತ್ರೆ ತೊಳೆಯೋಕಾಗ್ದಿದ್ರೆ ಸೋಪಿನ ನೀರಲ್ಲಿ ಮುಳುಗಿಸಿಡಿ.”

ಒಂದೇ ಜೆಲ್ಲನ್ನೇ ಹಾಕುತ್ತಾ ಹೋಗಬಾರದೆಂದೂ ಹುಡುಗ ಹೇಳುತ್ತಾನೆ. ಅದು ಕಸುಬಿನ ಅನುಭವ, ಆದರೆ ಹಿಂದೆ ವಿಜ್ಞಾನವೂ ಇದೆ. ಆಮಿಷಕ್ಕೆ ಬೆರೆಸುವ ಗ್ಲೂಕೋಸನ್ನು ಮುಟ್ಟದ ಜಿರಳೆಗಳಿವೆಯೆಂದು 1993ರಲ್ಲೇ ಅಮೆರಿಕದಲ್ಲಿ ವರದಿಯಾಗಿತ್ತು. ಅವುಗಳ ನಾಲಗೆಗೆ ಸಿಹಿಯೇ ಕಹಿಯಾಗಿ ತಿಳಿಯುತ್ತದೆಂದು 2013ರಲ್ಲಿ ಗೊತ್ತಾಯಿತು.

“ಈ ಜಾತಿಗೆ ಜರ್ಮನ್ ಜಿರಳೆ ಅಂತಾರೆ ಸರ್” ಎಂದು ಹುಡುಗ ಹೇಳಿದ್ದೇ ತಡ, ಯಜಮಾನರಿಗೆ ಹುರುಪು. “ನೋಡಿದ್ಯಾ, ಫಾರಿನ್ನಿಂದ ಬಂದಿರೋದು!” ಪಾಪ ಜರ್ಮನಿ. 1767ರಲ್ಲಿ ಲಿನ್ನೇಯಸ್ ಇಟ್ಟ ಹೆಸರು ಅದಕ್ಕೆ ಅಂಟಿಕೊಂಡಿತು. ಆದರೆ 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಈ ಜಿರಳೆ ಕವಲೊಡೆದದ್ದು ಸುಮಾರು 2,100 ವರ್ಷಗಳ ಹಿಂದೆ, ಭಾರತದಲ್ಲೋ ಮ್ಯಾನ್ಮಾರ್‌ನಲ್ಲೋ. ಯುರೋಪಿಗೆ ಹೋಗಿ ಮುನ್ನೂರು ವರ್ಷವೂ ಆಗಿಲ್ಲ. ಲೆಕ್ಕ ಹಾಕಿದರೆ ದೂರಬೇಕಾದವರು ಜರ್ಮನ್ನರು.

ಕೆಲವು ದಿನ ಬಿಟ್ಟು ಬನ್ನಿ. ಬೆಳಗ್ಗೆ ನೆಲದ ಮೇಲೆ ಕಾಲು ಮೇಲೆ ಮಾಡಿ ಬಿದ್ದವನ್ನು ಗುಡಿಸುವುದೇ ಒಂದು ಕೆಲಸವಾಗಿದೆ. ಓಡಾಡುವವು ಕಡಿಮೆಯಾದ ಮೇಲೆ ಮನೆಯಾಕೆ ಬಿಳಿ ಸಿಮೆಂಟು, ಎಂ-ಸೀಲ್ ತಂದಿದ್ದಾಳೆ. ಪೈಪಿನ ತೂತನ್ನು ಈ ಬದಿಯಿಂದ ಆಕೆ, ಆ ಬದಿಯಿಂದ ಯಜಮಾನರು ಮುಚ್ಚುತ್ತಿದ್ದಾರೆ. ಸಣ್ಣ ಬಿರುಕನ್ನೂ ಬಿಡುತ್ತಿಲ್ಲ. ಮೋರಿಯ ದೊಡ್ಡ ಜಿರಳೆಯೇ ಮೈ ಚಪ್ಪಟೆ ಮಾಡಿಕೊಂಡು ಬರೀ 3 ಮಿಲಿಮೀಟರ್ ಸಂದಿಯಲ್ಲಿ ನುಸುಳಬಲ್ಲದೆಂದು ಬರ್ಕ್ಲಿಯ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ಅದಕ್ಕೆ ಹಿಡಿಯುವ ಸಮಯ ಒಂದು ಸೆಕೆಂಡಿಗೂ ಕಡಿಮೆ.

ಆದರೆ ತಲೆ ಎತ್ತಿ ನೋಡಿ. ನಡುಗೋಡೆ ಹೆಂಚಿನವರೆಗೆ ಹೋಗಿಲ್ಲ. ತೊಲೆಗಳ ಮೇಲೆ ಒಂದು ಮೊಳ ಜಾಗ ಬಿಟ್ಟು ನಿಂತಿದೆ. ನಾಲ್ಕು ಮನೆಗೂ ಮೇಲೆ ಒಂದೇ ಗಾಳಿ, ಒಂದೇ ಕತ್ತಲು. ಅಜ್ಜಿ ಮಾಡಿದ ಒಗ್ಗರಣೆಗೆ ಕೊನೆಯ ಮನೆಯವರು ಸೀನುತ್ತಾರೆ. ಇಷ್ಟನ್ನೂ ಸಿಮೆಂಟಿನಲ್ಲಿ ಮುಚ್ಚಲಾಗದು. ಇಲ್ಲಿ ಜಿರಳೆ ಯಾರ ಮನೆಯದು ಎಂದು ಕೇಳಿ ಪ್ರಯೋಜನವಿಲ್ಲ. ಯಾವತ್ತು ಎಲ್ಲರೂ ಒಟ್ಟಿಗೆ ಔಷಧಿ ಹಾಕಿಸುತ್ತೀರಿ ಎಂದು ಕೇಳಬೇಕು.

ಮನೆಯಾಕೆ ಎರಡೂ ಅಡುಗೆಮನೆಗಳಲ್ಲಿ ಒಲೆಯ ಕೆಳಗೆ, ಸಿಂಕಿನ ಕೆಳಗೆ ಅಂಟಿನ ರಟ್ಟು ಇಟ್ಟಿದ್ದಾಳೆ. ಎಷ್ಟು ಉಳಿದಿವೆ, ಯಾವ ಮೂಲೆಯಲ್ಲಿ ಉಳಿದಿವೆ ಎಂದು ತಿಳಿಯಲು. ಬೆಳಗ್ಗೆ ಅಜ್ಜಿ ಭೂತಗನ್ನಡಿ ಹಿಡಿದು ತಾವೇ ಎಣಿಸುತ್ತಾರೆ. ಆಮೇಲೆ ಹಿತ್ತಲ ಬಾಗಿಲಿಂದ ಕೂಗು: “ನಮ್ಮಲ್ಲಿ ಎರಡೇ ಕಣಮ್ಮ! ನಿಮ್ಮಲ್ಲಿ?”

“ಐದು, ಅಜ್ಜಿ.”

“ನೋಡ್ದ್ಯಾ! ನಿಮ್ಮನೆಯಿಂದಲೇ ಬರ್ತಿರೋದು. ಆ ಹುಡುಗನಿಗೆ ಫೋನ್ ಮಾಡಿ ಬರಕ್ಕೆ ಹೇಳು.”

ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಮೂರನೇ ಮನೆಯವನು ಉಗಿದು ಬಾಯೊರೆಸಿಕೊಂಡು, ಯಾರೂ ಕೇಳದೆಯೇ ಹೇಳುತ್ತಾನೆ: “ನಮ್ಮನೇಲಿ ಇಲ್ಲಪ್ಪ ಜಿರಳೆ. ಎಲ್ಲೋ ಒಂದೋ ಎರಡೋ.”

ಅಜ್ಜಿ ಒಳಗೆ ಹೋಗಿ ಒಂದು ಹೊಸ ರಟ್ಟು ತಂದು ಅವನ ಕೈಗೆ ಕೊಡುತ್ತಾರೆ. “ನಾನೂ ಹಾಗೇ ಅಂದಿದ್ದೆ ಕಣೋ. ಇದನ್ನ ರಾತ್ರಿ ಒಲೆ ಕೆಳಗಿಡು. ಬೆಳಗ್ಗೆ ಮಾತಾಡು.”