ಮೂಳೆ ಕೂತರೆ ಸಾಲದು

ನಾನು ರೇಡಿಯೇಶನ್ ವಿಭಾಗಕ್ಕೆ ಸೇರಿದ್ದು ಕೋಬಾಲ್ಟ್ ಯಂತ್ರದ ಕಾಲದಲ್ಲಿ. ರೋಗಿ ಮೊದಲ ದಿನದಂತೆಯೇ ಮಲಗಿದ್ದಾರೋ ಎಂದು ನೋಡಲು ಚಿತ್ರ ಹೊಂದಿಸುವುದೆಂದರೆ ಆಗ ಎರಡು ಎಕ್ಸ್‌ರೇ ಫಿಲಮ್ಮುಗಳನ್ನು ಲೈಟ್ ಬಾಕ್ಸಿನ ಮೇಲೆ ಒಂದರ ಮೇಲೊಂದಿಟ್ಟು ಬೆರಳಿನಿಂದ ಸರಿಸುವುದು. ಸೊಂಟದ ಮೂಳೆಯ ಮೇಲೆ ಮೂಳೆ ಕೂತಿತೋ, ಮುಗಿಯಿತು. ಕಿರಣದ ಗುರಿಗೆಂದು ಮೈಮೇಲೆ ಎಳೆದ ಬಣ್ಣದ ಗೆರೆ ಅಳಿಸೀತೆಂದು ರೋಗಿಗಳಿಗೆ ಆ ಜಾಗಕ್ಕೆ ಸೋಪು ಹಾಕಬೇಡಿ ಎಂದು ದಿನವೂ ಗೋಗರೆಯುತ್ತಿದ್ದೆವು.

ಚಿಕಿತ್ಸೆಯ ಮಂಚದ ಮೇಲೆಯೇ ಸ್ಕ್ಯಾನ್ ತೆಗೆಯುವ ಯಂತ್ರ ಬಂದ ಮೇಲೆ ನಮ್ಮ ನೆಮ್ಮದಿ ಹೋಯಿತು. ಮಂಡ್ಯ ಕಡೆಯ ಒಬ್ಬ ಅಜ್ಜಿ, ಗರ್ಭಕಂಠದ ಕ್ಯಾನ್ಸರು. ಮೂಳೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಆದರೆ ಗರ್ಭಕೋಶ ಮೊದಲ ದಿನ ಇದ್ದ ಜಾಗದಲ್ಲೇ ಇಲ್ಲ.

“ಅಜ್ಜಿ, ನೀರು ಕುಡಿದ್ರಾ?”

“ಕುಡ್ದಿವ್ನಿ ಕಣಪ್ಪ. ಬಸ್ ಇಳೀತ್ಲೆ ಹೋಗ್ಬಂದೆ, ತಡ್ಕಳಾಕೆ ಆಗ್ನಿಲ್ಲ.”

ಅಷ್ಟೇ. ಮೂತ್ರಕೋಶ ತುಂಬಿದ್ದಾಗ ಗರ್ಭಕೋಶ ಮೇಲೇಳುತ್ತದೆ, ಖಾಲಿಯಾದರೆ ಮುಂದಕ್ಕೆ ಬೀಳುತ್ತದೆ. ಹಾಗಾದರೆ ಇಷ್ಟು ವರ್ಷ ಫಿಲಮ್ಮಿನಲ್ಲಿ ನಾವು ‘ಸರಿ’ ಅಂದದ್ದರಲ್ಲಿ ಎಷ್ಟು ಸರಿಯಿತ್ತೋ! ಆ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಮಣಿಯುವ ಅಂಗಗಳನ್ನು ಹೊಂದಿಸುವ ಗಣಿತ ಅಷ್ಟರಲ್ಲಾಗಲೇ ಹುಟ್ಟಿತ್ತು. ಲಂಡನ್ನಿನಲ್ಲಿ ಡೇನಿಯಲ್ ರೂಕರ್ಟ್ ಮತ್ತು ಜೊತೆಗಾರರು 1999ರಲ್ಲಿ ಸ್ತನದ ಎಂಆರ್‌ಐ ಚಿತ್ರಗಳಿಗೆ ಅದನ್ನು ಬಳಸಿ ತೋರಿಸಿದ್ದರು. ಚಿತ್ರದ ಮೇಲೊಂದು ಸೊಳ್ಳೆಪರದೆ ಹೊದಿಸಿದಂತೆ ಅಂದುಕೊಳ್ಳಿ. ಪರದೆಯ ಒಂದೊಂದು ಗಂಟನ್ನೂ ಎಳೆದೆಳೆದು, ಕೆಳಗಿನ ಬೂದುಬಣ್ಣ ಇನ್ನೊಂದು ಚಿತ್ರದ ಬೂದುಬಣ್ಣಕ್ಕೆ ಹೊಂದುವವರೆಗೆ ಜಗ್ಗುವುದು. ಪರದೆ ತೀರಾ ಮುದುಡಿದರೆ ದಂಡ ಹಾಕುವುದು. ನಮ್ಮ ಕೋಣೆಗೆ ಆ ಸಾಫ್ಟ್‌ವೇರ್ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಬಂದಾಗ ಹಬ್ಬ. ಗುಂಡಿ ಒತ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಎರಡು ಚಿತ್ರಗಳೂ ಒಂದೇ!

ಆ ಹಬ್ಬದಲ್ಲೇ ನಾನು ಎಡವಿದೆ. ಕತ್ತಿನ ಗಡ್ಡೆಯ ರೋಗಿ. ನಾಲ್ಕು ವಾರಕ್ಕೆ ಗಡ್ಡೆ ಕರಗಿ, ಆಸಾಮಿ ಸೊರಗಿದ್ದ. ಹೊಸ ಸ್ಕ್ಯಾನಿಗೆ ಹಳೆಯದನ್ನು ಹೊಂದಿಸಿ, ಕಂಪ್ಯೂಟರಿನಲ್ಲಿ ಅಂದವಾಗಿ ಕಂಡಿತೆಂದು ಒಪ್ಪಿಗೆ ಒತ್ತಿಬಿಟ್ಟೆ. ಹೊಸದಾಗಿ ಸೇರಿದ್ದ ಹುಡುಗಿ ಕರೆದಳು: “ಸಾರ್, ಗ್ರಿಡ್ ಹಾಕಿ ನೋಡಿ.” ನೋಡಿದರೆ ದವಡೆಯ ಮೂಳೆ ಊಟದೆಲೆ ಮಡಿಸಿದ ಹಾಗೆ ಬಾಗಿದೆ, ಒಂದು ಕಡೆ ಆ ಸೊಳ್ಳೆಪರದೆಯ ಗೆರೆಗಳು ಒಂದನ್ನೊಂದು ದಾಟಿ ಮಗುಚಿಕೊಂಡಿವೆ. ಯಾವ ಮೈಯಲ್ಲೂ ಆಗದ ಮಾತು. ಕರಗಿಹೋದ ಗಡ್ಡೆಗೆ ಹೊಸ ಚಿತ್ರದಲ್ಲಿ ಜೋಡಿಯೇ ಇಲ್ಲ. ಯಂತ್ರ ಮಾತ್ರ ಪಕ್ಕದ್ದನ್ನೆಲ್ಲ ಎಳೆತಂದು ಹೇಗೋ ಜೋಡಿ ಮಾಡಿತ್ತು. ಬೂದುಬಣ್ಣ ಹೊಂದಿಸು ಅಂದಿದ್ದೆವು, ಹೊಂದಿಸಿತ್ತು. ಮೂಳೆ ಬಾಗುವುದಿಲ್ಲ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಡೋಸ್ ಲೆಕ್ಕಕ್ಕೆ ಹೋಗುವ ಮೊದಲೇ ಸಿಕ್ಕಿತು, ಪುಣ್ಯ.

2017ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ತನ್ನ ವರದಿಯಲ್ಲಿ, ಪ್ರತಿ ರೋಗಿಯ ಹೊಂದಾಣಿಕೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಎಂದಿತು. ನಮ್ಮ ಹುಡುಗಿ ಮೊದಲೇ ಹೇಳಿದ್ದಳು.

ಈಗ ಎಐ ಬಂದು ಇದೇ ಕೆಲಸ ಕ್ಷಣದಲ್ಲಿ ಮುಗಿಸುತ್ತದಂತೆ. ಮುಗಿಸಲಿ. ಅಜ್ಜಿಯ ಮೂತ್ರಕೋಶದ ಪಾಠ ಮಾತ್ರ ಬದಲಾಗಿಲ್ಲ. ನಿಮ್ಮ ಮನೆಯವರು ಯಾರಾದರೂ ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಶನ್ ತೆಗೆದುಕೊಳ್ಳುತ್ತಿದ್ದರೆ, ನೀರು ಕುಡಿದು ಕಾಯಿರಿ ಎಂದದ್ದನ್ನು ಹಗುರಾಗಿ ಎಣಿಸಬೇಡಿ. ಹೇಳಿದಷ್ಟೇ ಕುಡಿಯಿರಿ, ಹೇಳಿದ ಹೊತ್ತಿಗೇ. ತಡೆಯಲಾಗದೆ ಹೋಗಿಬಂದಿದ್ದರೆ ಸಂಕೋಚ ಬಿಟ್ಟು ಹೇಳಿ. ಮತ್ತೆ ತುಂಬುವವರೆಗೆ ಕಾಯುತ್ತಾರೆ.